ಆಪಲ್ ಕಂಪನಿಯ ಹೊಸ ಸ್ಲೇಟು: ಏನು ಬರಬಹುದು, ಎಷ್ಟಕ್ಕೆ ಬರಬಹುದು?

ಕುತೂಹಲಿ, ಮೈಸೂರು · 5 ಜನವರಿ 2010

ಮಿತ್ರರೇ, ತಂತ್ರಜ್ಞಾನದ ಸುದ್ದಿ ಓದುವವರಿಗೆಲ್ಲ ಈಗ ಒಂದೇ ಗುಂಗು ಹಿಡಿದಂತಿದೆ. ಆಪಲ್ ಕಂಪನಿಯು ಈ ತಿಂಗಳ ಕೊನೆಗೆ ಸ್ಲೇಟಿನ ಆಕಾರದ ಕಂಪ್ಯೂಟರೊಂದನ್ನು ಹೊರತರಲಿದೆ ಎಂಬ ಸುದ್ದಿ ದಿನಕ್ಕೊಂದು ವೇಷ ತೊಟ್ಟು ಬರುತ್ತಿದೆ. ಕಂಪನಿ ಮಾತ್ರ ಇನ್ನೂ ತುಟಿ ಬಿಚ್ಚಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಯೆರ್ಬಾ ಬ್ಯುನಾ ಕಲಾಕೇಂದ್ರವನ್ನು ಜನವರಿಯ ಕೊನೆಯಲ್ಲಿ ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದಾರೆಂದು ಫೈನಾನ್ಷಿಯಲ್ ಟೈಮ್ಸ್ ಡಿಸೆಂಬರಿನಲ್ಲಿಯೇ ಬರೆದಿತ್ತು. ಪರದೆ 10ರಿಂದ 11 ಇಂಚು ಇರುತ್ತದೆ, ಮಾರಾಟ ಮಾರ್ಚಿನಲ್ಲಿ ಶುರುವಾಗುತ್ತದೆ ಎಂದು ವಾಲ್ ಸ್ಟ್ರೀಟ್ ಜರ್ನಲ್ ಈಗ ಬರೆದಿದೆ. 'ಐಸ್ಲೇಟ್' ಎಂಬ ಅಂತರ್ಜಾಲ ವಿಳಾಸವು ಆ ಕಂಪನಿಯ ವಶದಲ್ಲಿದೆಯೆಂದು ಯಾರೋ ಪತ್ತೆ ಹಚ್ಚಿರುವುದರಿಂದ ಹೆಸರೂ ಬಹುತೇಕ ತೀರ್ಮಾನವಾದಂತೆಯೇ ಎಲ್ಲರೂ ಮಾತನಾಡುತ್ತಿದ್ದಾರೆ.

ಬೆಲೆಯ ವಿಷಯದಲ್ಲಂತೂ ಎಲ್ಲರದೂ ಒಂದೇ ಮಾತು: ಸಾವಿರ ಡಾಲರಿನ ಆಸುಪಾಸು. ಇಂದಿನ ದರದಲ್ಲಿ ಅದು ಸುಮಾರು 46,000 ರೂಪಾಯಿ.

ನನ್ನ ಊಹೆಯನ್ನು ಇಲ್ಲಿ ಬರೆದಿಡುತ್ತೇನೆ, ಆಮೇಲೆ ನಗುವವರು ನಗಬಹುದು. ಹೆಸರು ಐಸ್ಲೇಟ್, ಒಳಗೆ ಓಡುವುದು ಮ್ಯಾಕ್ ಕಂಪ್ಯೂಟರಿನ ತಂತ್ರಾಂಶ, ಮುಂಭಾಗದಲ್ಲಿ ಕ್ಯಾಮೆರಾ ಇದ್ದೇ ಇರುತ್ತದೆ, ಬೆಲೆ 999 ಡಾಲರು, ಭಾರತಕ್ಕೆ ಬಂದರೆ 50,000 ರೂಪಾಯಿ. ಉಳಿದವರೂ ತಮ್ಮ ಲೆಕ್ಕಾಚಾರವನ್ನು ತಿಳಿಸಬೇಕು.

ನಿವೃತ್ತ ಮೇಷ್ಟ್ರು, ಶಿವಮೊಗ್ಗ · 5 ಜನವರಿ 2010

ಕುತೂಹಲಿಯವರೇ, ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚುವ ಉದ್ದೇಶ ನನಗಿಲ್ಲ. ಆದರೆ ಈ ಓಲಗದ ಸದ್ದನ್ನು ನಾನು ಹಿಂದೆಯೂ ಕೇಳಿದ್ದೇನೆ, ದಿಬ್ಬಣ ಮಾತ್ರ ಊರಿಗೆ ಬರಲಿಲ್ಲ. ಇದೇ ಕಂಪನಿ 1993ರಲ್ಲಿ ನ್ಯೂಟನ್ ಎಂಬ ಅಂಗೈ ಯಂತ್ರವನ್ನು 699 ಡಾಲರಿಗೆ ತಂದಿತ್ತು. ಕೈಬರಹವನ್ನು ಓದಬಲ್ಲದು ಎಂಬುದೇ ಅದರ ಹೆಗ್ಗಳಿಕೆ, ಅದನ್ನು ತಪ್ಪಾಗಿ ಓದುತ್ತಿದ್ದುದೇ ಅದರ ಕುಖ್ಯಾತಿ. 1998ರಲ್ಲಿ ಅದನ್ನು ನಿಲ್ಲಿಸಿದವರು ಇದೇ ಸ್ಟೀವ್ ಜಾಬ್ಸ್. ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ಅವರು 2001ರಲ್ಲಿ, ಇನ್ನು ಐದು ವರ್ಷಗಳಲ್ಲಿ ಹೆಚ್ಚು ಮಾರಾಟವಾಗುವುದು ಟ್ಯಾಬ್ಲೆಟ್ ಮಾದರಿಯ ಕಂಪ್ಯೂಟರೇ ಎಂದು ಭವಿಷ್ಯ ನುಡಿದಿದ್ದರು. ಐದಲ್ಲ, ಎಂಟು ವರ್ಷ ಕಳೆಯಿತು. ನಮ್ಮ ಕಾಲೇಜಿನಲ್ಲಿ ನಾನು ನಿವೃತ್ತನಾಗುವವರೆಗೆ ಅಂಥದೊಂದು ಯಂತ್ರವೂ ನನ್ನ ಕಣ್ಣಿಗೆ ಬೀಳಲಿಲ್ಲ. ಟ್ಯಾಬ್ಲೆಟ್ ತಯಾರಿಸುವ ಯೋಜನೆ ತಮಗಿಲ್ಲ, ಜನರಿಗೆ ಕೀಲಿಮಣೆಯೇ ಬೇಕು ಎಂದು 2003ರಲ್ಲಿ ಸ್ವತಃ ಜಾಬ್ಸ್ ಅವರೇ ಹೇಳಿದ್ದರು.

ದೂರದ ಮಾತೇಕೆ, ನಮ್ಮ ಬೆಂಗಳೂರಿನ ಸಿಂಪ್ಯೂಟರನ್ನೇ ನೆನೆಯಿರಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಜಿನಿಯರುಗಳೂ ಸೇರಿ ರೂಪಿಸಿದ ಆ ಅಂಗೈ ಯಂತ್ರದ ಬಗ್ಗೆ 2001ರಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅದು ಕನ್ನಡವನ್ನು ಓದಿ ಹೇಳುತ್ತಿತ್ತು. ಸುಮಾರು 9,000 ರೂಪಾಯಿಗೆ ಸಿಗುತ್ತದೆಂಬ ಮಾತಿತ್ತು. 2004ರಲ್ಲಿ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾದ 'ಅಮಿಡಾ' ಮಾರುಕಟ್ಟೆಗೆ ಬಂದಾಗ ಮಾದರಿಗೆ ತಕ್ಕಂತೆ ಸುಮಾರು ಹತ್ತರಿಂದ ಇಪ್ಪತ್ತು ಸಾವಿರ ರೂಪಾಯಿ ಆಗಿತ್ತು, ಅಷ್ಟರಲ್ಲಿ ಜನರ ಕುತೂಹಲವೂ ಆರಿತ್ತು. ಓರೆ ಮಾಡಿದರೆ ಅದನ್ನು ಗ್ರಹಿಸಬಲ್ಲ ಸಂವೇದಕವನ್ನು ಅದರಲ್ಲಿ ಐಫೋನಿಗಿಂತ ಮೊದಲೇ ಅಳವಡಿಸಿದ್ದರು ಎಂಬುದು ಇವತ್ತು ಎಷ್ಟು ಜನರಿಗೆ ನೆನಪಿದೆಯೋ ಕಾಣೆ.

ಪೀಣ್ಯದವ, ಬೆಂಗಳೂರು · 6 ಜನವರಿ 2010

ಮೇಷ್ಟ್ರೇ, ನಿಮ್ಮ ಇತಿಹಾಸ ಸರಿಯಾಗಿಯೇ ಇದೆ. ಆದರೆ ಯಂತ್ರ ಗೆಲ್ಲುತ್ತದೆಯೋ ಇಲ್ಲವೋ ಎಂಬುದು ಒಂದು ಪ್ರಶ್ನೆ, ಈಗ ಹರಿದಾಡುತ್ತಿರುವ ವದಂತಿಗಳಲ್ಲಿ ಯಾವುದು ನಿಜ ಎಂಬುದು ಇನ್ನೊಂದು ಪ್ರಶ್ನೆ. ಎರಡನೆಯದರ ಬಗ್ಗೆ ನನ್ನ ಕಸುಬಿನ ಅನುಭವದಿಂದ ಸ್ವಲ್ಪ ಹೇಳಬಹುದೆಂದುಕೊಂಡಿದ್ದೇನೆ.

ನಾನು ಪ್ಲಾಸ್ಟಿಕ್ ಮೋಲ್ಡ್ ಮಾಡುವ ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಗಿರಾಕಿಯೊಬ್ಬರು ಒಂದು ಕವಚದ ಡ್ರಾಯಿಂಗ್ ತಂದುಕೊಟ್ಟರು. ಯಂತ್ರದ ಹೆಸರನ್ನು ಅಳಿಸಿ ಬರಿಯ ಪಾರ್ಟ್ ನಂಬರ್ ಉಳಿಸಿದ್ದರು, ಯಾರಿಗೂ ಹೇಳಬಾರದೆಂದು ನಮ್ಮ ಮಾಲೀಕರಿಂದ ಸಹಿಯನ್ನೂ ಹಾಕಿಸಿಕೊಂಡಿದ್ದರು. ಮೋಲ್ಡ್ ತಯಾರಾಗಲು ಎರಡೂವರೆ ತಿಂಗಳು ಹಿಡಿಯಿತು. ಟ್ರಯಲ್ ದಿನ ಮೊದಲ ಶಾಟ್ ಹೊರಬಿತ್ತು. ಇನ್ನೂ ಬಿಸಿಯಾಗಿದ್ದ, ಅಂಚಿನಲ್ಲೆಲ್ಲ ಪ್ಲಾಸ್ಟಿಕ್ಕಿನ ಎಸಳು ಎದ್ದಿದ್ದ ಆ ತುಂಡನ್ನು ನಮ್ಮ ಹುಡುಗನೊಬ್ಬ ಎರಡು ಕೈಗಳಲ್ಲಿ ಅದಲು ಬದಲು ಮಾಡುತ್ತ ತಿರುಗಿಸಿ ನೋಡಿದ. ಮೇಲ್ಗಡೆ ಕಾಗದದ ಸುರುಳಿ ಕೂರುವಷ್ಟು ಗುಂಡಗಿನ ತಗ್ಗು, ಅದರ ಬಾಯಲ್ಲಿ ಕಾಗದ ಹರಿಯಲು ಹಲ್ಲಿನ ಸಾಲು, ಪಕ್ಕದಲ್ಲಿ ಪಟ್ಟಿ ಸಿಕ್ಕಿಸುವ ಕೊಂಡಿ. "ಸಾರ್, ಇದು ಕಂಡಕ್ಟರ್ ಕೊರಳಿಗೆ ಹಾಕ್ಕೊಳ್ಳೋ ಟಿಕೆಟ್ ಮಿಷಿನ್ನು" ಎಂದುಬಿಟ್ಟ. ಸಹಿ ಹಾಕಿಸಿಕೊಂಡ ಗುಟ್ಟು ಅರ್ಧ ನಿಮಿಷದಲ್ಲಿ ರಟ್ಟಾಯಿತು. ಅದೇ ದಿನ ಟೀ ಕುಡಿಯುವಾಗ ಅದರ ಬೆಲೆ ಎಷ್ಟಿರಬಹುದೆಂದು ಆರು ಜನ ಪಂದ್ಯ ಕಟ್ಟಿದೆವು. ಮುಂದೆ ಟೆಂಡರಿನ ದರ ತಿಳಿದಾಗ ಒಬ್ಬರ ಊಹೆಯೂ ಹತ್ತಿರಕ್ಕೆ ಬಂದಿರಲಿಲ್ಲ.

ಆಮೇಲೆ ಯಾವ ಗಾಳಿಸುದ್ದಿ ಬಂದರೂ ನಾನು ನೋಡುವುದು ಇಷ್ಟನ್ನೇ: ಈ ಸಂಗತಿ ಎಷ್ಟು ಕೈಗಳನ್ನು ದಾಟಿ ಬರಬೇಕು? ಪರದೆಯನ್ನು ತಿಂಗಳುಗಟ್ಟಲೆ ಮೊದಲೇ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಆರ್ಡರ್ ಮಾಡಬೇಕು, ಗಾಜು ಕತ್ತರಿಸಬೇಕು, ಬೆನ್ನಿನ ತಗಡಿಗೆ ಅಚ್ಚು ಮಾಡಬೇಕು. ತೈವಾನ್, ಕೊರಿಯಾ, ಚೀನಾದ ಸಾವಿರಾರು ಜನರ ಕೈಗೆ ಅದು ಸಿಕ್ಕೇ ಸಿಗುತ್ತದೆ. ಹಾಗಾಗಿ ಪರದೆ 10 ಇಂಚಿನ ಆಸುಪಾಸು ಎಂಬುದನ್ನು ನಾನು ನಂಬುತ್ತೇನೆ, ಮಾರ್ಚಿನ ಮಾತನ್ನೂ ಹೆಚ್ಚುಕಡಿಮೆ ನಂಬುತ್ತೇನೆ. ಬೆಲೆ ಹಾಗಲ್ಲ. ಅದು ಯಾವ ಅಚ್ಚಿನಿಂದಲೂ ಹೊರಬೀಳುವುದಿಲ್ಲ. ನಾಲ್ಕು ಜನ ಒಂದು ಕೋಣೆಯಲ್ಲಿ ಕುಳಿತು ಕೊನೆಯ ವಾರದಲ್ಲಿಯೂ ಬದಲಿಸಬಹುದಾದ ಸಂಖ್ಯೆ ಅದು. ಹೆಸರಿನ ಕಥೆಯೂ ಅಷ್ಟೇ. ಒಂದು ಕಂಪನಿ ಹತ್ತು ಹೆಸರುಗಳ ವಿಳಾಸ ಕೊಂಡಿಟ್ಟು ಹನ್ನೊಂದನೆಯದನ್ನು ಇಡಬಹುದು.

ಪುಸ್ತಕದ ಅಂಗಡಿ, ಹುಬ್ಬಳ್ಳಿ · 7 ಜನವರಿ 2010

ಎಲ್ಲರಿಗೂ ನಮಸ್ಕಾರ. ಇದು ಮುಖ್ಯವಾಗಿ ಓದುವ ಯಂತ್ರವಾಗಿರುತ್ತದೆ, ಪತ್ರಿಕೆ ಮತ್ತು ಪುಸ್ತಕದ ಕಂಪನಿಗಳ ಜೊತೆ ಮಾತುಕತೆ ನಡೆದಿದೆ ಎಂಬ ಸುದ್ದಿಯಿಂದ ನಾನು ಇಲ್ಲಿ ಇಣುಕಿದ್ದೇನೆ. ಅಮೆಜಾನಿನ ಕಿಂಡಲ್ ಕಳೆದ ಅಕ್ಟೋಬರಿನಿಂದ ಭಾರತಕ್ಕೂ ಬರುತ್ತಿದೆ, ಆದರೆ ಕನ್ನಡ ಪುಸ್ತಕ ಮಾರುವ ನನ್ನಂಥವನಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆಪಲ್ ಯಂತ್ರದಲ್ಲಿ ಕನ್ನಡ ಅಕ್ಷರ ಮೂಡುತ್ತದೆಯೇ? ನೀವೆಲ್ಲ ಕ್ಯಾಮೆರಾ, ಪರದೆ ಎನ್ನುತ್ತೀರಿ, ಈ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ನನ್ನ ಈಗಿನ ಫೋನಿನಲ್ಲಿ (ಯಾವ ಕಂಪನಿಯದು ಎಂಬುದು ಬೇಡ) ಮಗಳು ಕಳಿಸುವ ಕನ್ನಡದ ಸಂದೇಶಗಳು ಸಾಲಾಗಿ ಜೋಡಿಸಿದ ಖಾಲಿ ಬೆಂಕಿಪೊಟ್ಟಣಗಳಂತೆ ಕಾಣುತ್ತವೆ. ಪೊಟ್ಟಣಗಳನ್ನು ಎಣಿಸಿ, ಉದ್ದ ಇದ್ದರೆ ಬೈದಿದ್ದಾಳೆ, ಗಿಡ್ಡ ಇದ್ದರೆ ಊಟಕ್ಕೆ ಕರೆದಿದ್ದಾಳೆ ಎಂದು ತಿಳಿಯುತ್ತೇನೆ.

ಇನ್ನೊಂದು ಸಂದೇಹ. ಇಷ್ಟು ಜನ ಕಾಯುತ್ತಿರುವಾಗ ಆ ಕಂಪನಿಯವರು "ಹೌದು, ತರುತ್ತಿದ್ದೇವೆ" ಎಂದು ಒಂದು ಮಾತು ಹೇಳಿದರೆ ಅವರ ಗಂಟೇನು ಹೋಗುತ್ತದೆ?

ನಿವೃತ್ತ ಮೇಷ್ಟ್ರು, ಶಿವಮೊಗ್ಗ · 7 ಜನವರಿ 2010

ಅಂಗಡಿಯವರೇ, ಗಂಟು ಹೋದ ಕಥೆಯೇ ಒಂದಿದೆ. ಆಡಂ ಆಸ್ಬರ್ನ್ ಎಂಬವರು 1981ರಲ್ಲಿ ಹೊತ್ತೊಯ್ಯಬಹುದಾದ ಕಂಪ್ಯೂಟರನ್ನು 1,795 ಡಾಲರಿಗೆ ತಂದರು. ಹೊತ್ತೊಯ್ಯುವುದೆಂದರೆ ಸುಮಾರು ಹನ್ನೊಂದು ಕಿಲೋ, ಹೊಲಿಗೆ ಯಂತ್ರದ ಪೆಟ್ಟಿಗೆ ಹೊತ್ತ ಹಾಗೆ. ಆದರೂ ಅದು ಚೆನ್ನಾಗಿಯೇ ಮಾರಾಟವಾಯಿತು. 1983ರಲ್ಲಿ, ಮುಂದಿನ ಮಾದರಿ ಕೈಗೆ ಬರುವ ಮೊದಲೇ ಅದರ ಗುಣಗಾನ ಶುರುವಾದ್ದರಿಂದ ಅಂಗಡಿಗಳು ಹಳೆಯದಕ್ಕೆ ಬೇಡಿಕೆ ನಿಲ್ಲಿಸಿದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯಾಯಿತು. ದಿವಾಳಿಗೆ ಬೇರೆ ಕಾರಣಗಳೂ ಇದ್ದವೆಂದು ವಾದಿಸುವವರಿದ್ದಾರೆ, ಆದರೆ ಈ ಬಗೆಯ ಏಟಿಗೆ ಅವರ ಹೆಸರೇ ಉಳಿದುಕೊಂಡಿತು.

ಪ್ರಾಸಂಗಿಕವಾಗಿ ಹೇಳುವುದಾದರೆ ಈ ಆಸ್ಬರ್ನ್ ನಮ್ಮ ನೆರೆಯಲ್ಲಿಯೇ ಬೆಳೆದವರು. ತಂದೆ ಆರ್ಥರ್ ಆಸ್ಬರ್ನ್ ರಮಣ ಮಹರ್ಷಿಗಳ ಭಕ್ತರಾಗಿ ತಿರುವಣ್ಣಾಮಲೈಯಲ್ಲಿ ನೆಲೆಸಿದ್ದರು. ಮಗ ಅಮೆರಿಕಕ್ಕೆ ಹೋಗಿ ಗಳಿಸಿ, ಕಳೆದು, ಕೊನೆಗಾಲಕ್ಕೆ ಕೊಡೈಕನಾಲಿಗೆ ಬಂದು 2003ರಲ್ಲಿ ತೀರಿಕೊಂಡರು.

ಆಪಲ್ ಇಂದು 999 ಡಾಲರಿಗೆ ಬಿಳಿ ಬಣ್ಣದ ಮ್ಯಾಕ್‌ಬುಕ್ ಮಾರುತ್ತಿದೆ. ಇನ್ನೊಂದು ಯಂತ್ರ ಬರುತ್ತಿದೆಯೆಂದು ಅವರೇ ಸಾರಿದರೆ ಅದನ್ನು ಕೊಳ್ಳುವವರು ಯಾರು?

ಕುತೂಹಲಿ, ಮೈಸೂರು · 8 ಜನವರಿ 2010

ಮೇಷ್ಟ್ರೇ, ಅವರು ಸಾರದಿದ್ದರೂ ಆ ಏಟು ಬೀಳುತ್ತಿದೆ. ನನ್ನ ಭಾವನವರು ಲ್ಯಾಪ್‌ಟಾಪ್ ಕೊಳ್ಳಲು ಸಂಕ್ರಾಂತಿಗೆಂದು ಹಣ ತೆಗೆದಿಟ್ಟಿದ್ದರು. ನಾನು ಈ ವದಂತಿಗಳನ್ನೆಲ್ಲ ಹೇಳಿದ ಮೇಲೆ ಯುಗಾದಿಗೆ ಮುಂದೂಡಿದ್ದಾರೆ. ಅಕ್ಕ ನನ್ನ ಮೇಲೆ ಸಿಟ್ಟಾಗಿದ್ದಾಳೆ.

ಈ ನಡುವೆ ಲಾಸ್ ವೇಗಾಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಅವರು ಎಚ್‌ಪಿ ಕಂಪನಿಯ ಸ್ಲೇಟೊಂದನ್ನು ಕೈಯಲ್ಲಿ ಹಿಡಿದು ತೋರಿಸಿದ್ದಾರೆ. ತೋರಿಸಿದ್ದು ಸ್ವಲ್ಪ ಹೊತ್ತು ಮಾತ್ರ. ಆಪಲ್‌ಗಿಂತ ಮೊದಲು ತಾನು ತೋರಿಸಿದೆ ಎನ್ನಿಸಿಕೊಳ್ಳುವ ಆತುರ ಎದ್ದು ಕಾಣುತ್ತಿತ್ತು. ಅದೇ ಮೇಳದಲ್ಲಿ ನಮ್ಮ ದೇಶದ ಯುವಕರು ಕಟ್ಟಿದ ನೋಷನ್ ಇಂಕ್ ಕಂಪನಿಯ 'ಆಡಂ' ಎಂಬ ಸ್ಲೇಟು ಇದ್ದು, ಅದರ ಪರದೆಯನ್ನು ಬಿಸಿಲಿನಲ್ಲಿಯೂ ಓದಬಹುದಂತೆ. ನನಗೆ ಬಾಲ್ಮರ್ ತೋರಿಸಿದ್ದಕ್ಕಿಂತ ಇದರ ಮೇಲೆಯೇ ಹೆಚ್ಚು ಆಸೆ.

ಅಲೆಮಾರಿ ಕನ್ನಡತಿ, ಸನಿವೇಲ್ · 14 ಜನವರಿ 2010

ನಾನು ಆಪಲ್ ಕಂಪನಿಯ ಮುಖ್ಯ ಕಚೇರಿಯಿರುವ ಕೂಪರ್ಟಿನೊದಿಂದ ಹತ್ತು ನಿಮಿಷದ ಹಾದಿಯಲ್ಲಿದ್ದೇನೆ. ಆ ಕಂಪನಿಯಲ್ಲಿ ಕೆಲಸಕ್ಕಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಖಾಸಗಿ ಸಂದೇಶಗಳ ಸುರಿಮಳೆಯಾಗುತ್ತದೆ. ಅಲ್ಲಿ ಕೆಲಸದಲ್ಲಿರುವ ಗೆಳತಿಯರ ಗಂಡಂದಿರು ಔತಣಕೂಟಗಳಲ್ಲಿ ಈ ಮಾತು ಬಂದ ಕೂಡಲೇ ಎದ್ದು ನೀರು ಕುಡಿಯಲು ಹೋಗುತ್ತಾರೆ. ಅವರಿಗೂ ಗೊತ್ತಿಲ್ಲವೆಂದೇ ನನ್ನ ಅನಿಸಿಕೆ.

ಇಲ್ಲಿನ ಹುಚ್ಚು ಎಲ್ಲಿಯವರೆಗೆ ಹೋಗಿದೆಯೆಂದರೆ, ಗಾಕರ್ ಎಂಬ ಗಾಳಿಸುದ್ದಿ ತಾಣಗಳ ಬಳಗದ ಒಂದು ತಾಣವು ಯಂತ್ರದ ನಿಜವಾದ ಚಿತ್ರ ಕೊಟ್ಟವರಿಗೆ 10,000 ಡಾಲರು, ಯಂತ್ರವನ್ನೇ ಒಂದು ತಾಸು ಕೈಗೆ ಕೊಟ್ಟವರಿಗೆ 1,00,000 ಡಾಲರು ಎಂದು ಬಹುಮಾನ ಸಾರಿತು, ಆಪಲ್‌ನ ವಕೀಲರು ಕೂಡಲೇ ಪತ್ರ ಬರೆದರು. ಇಲ್ಲದ ವಸ್ತುವಿಗೆ ವಕೀಲರೇಕೆ ಪತ್ರ ಬರೆಯುತ್ತಾರೆ? ನನಗೆ ಸಿಕ್ಕ ಮೊದಲ ಗಟ್ಟಿ ಸಾಕ್ಷಿ ಇದೇ.

ಪೀಣ್ಯದವರ ಕೈಗಳ ಲೆಕ್ಕ ನನಗೆ ಒಪ್ಪಿಗೆ. ಆದರೆ ಬೆಲೆ ಗೊತ್ತಾಗುವುದೇ ಇಲ್ಲವೆಂದರೆ ಇಷ್ಟು ಜನ ಒಂದೇ ಸಂಖ್ಯೆಯನ್ನು ಹೇಗೆ ಹೇಳುತ್ತಿದ್ದಾರೆ?

ನಿವೃತ್ತ ಮೇಷ್ಟ್ರು, ಶಿವಮೊಗ್ಗ · 15 ಜನವರಿ 2010

ತಾಯಿ, ನೀವು ದನದ ಜಾತ್ರೆ ನೋಡಿದ್ದೀರಾ? ನಾನು ಚಿಕ್ಕವನಾಗಿದ್ದಾಗ ತಂದೆಯವರ ಜೊತೆ ಎತ್ತು ಕೊಳ್ಳಲು ಹೋಗುತ್ತಿದ್ದೆ. ಮಾರುವವನು ಎಲ್ಲರಿಗೂ ಕೇಳಿಸುವಂತೆ ಒಂದು ಬೆಲೆ ಕೂಗುತ್ತಿದ್ದ. ನಿಜವಾದ ಬೆಲೆಯನ್ನು ದಲ್ಲಾಳಿಯು ಟವಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಿದ್ದ. ಸುತ್ತ ನಿಂತವರು ಕೂಗಿದ ಬೆಲೆಯನ್ನೇ ಊರಿಗೆಲ್ಲ ಹೇಳಿಕೊಂಡು ಹೋಗುತ್ತಿದ್ದರು. ಅದರಿಂದ ಮಾರುವವನಿಗೆ ನಷ್ಟವಿರಲಿಲ್ಲ. ಮರುದಿನ ಬಂದವನಿಗೆ ಅದಕ್ಕಿಂತ ಕಡಿಮೆ ಏನು ಹೇಳಿದರೂ ಅಗ್ಗವಾಗಿಯೇ ಕೇಳಿಸುತ್ತಿತ್ತು.

ಆಪಲ್ ಕಂಪನಿಯು ಬೇಕೆಂದೇ ಕೆಲವು ಸುದ್ದಿಗಳನ್ನು ಹೊರಬಿಡುತ್ತದೆ ಎಂದು ಅಲ್ಲಿ ಹಿಂದೆ ಕೆಲಸ ಮಾಡಿದವರೊಬ್ಬರು ಈ ತಿಂಗಳು ಬರೆದಿದ್ದನ್ನು ನಾನೂ ಓದಿದೆ. ಸಾವಿರ ಡಾಲರು ಎಂಬುದು ಕೂಗಿದ ಬೆಲೆಯಿರಬಹುದು ಎಂಬ ಗುಮಾನಿ ನನ್ನದು. ಸಾಕ್ಷಿ ಏನೂ ಇಲ್ಲ. ನಿಜವಾದ ಬೆಲೆ ನ್ಯೂಟನ್ನಿನ 699 ಎಂದೇ ಇಟ್ಟುಕೊಳ್ಳುತ್ತೇನೆ.

ಪೀಣ್ಯದವ, ಬೆಂಗಳೂರು · 15 ಜನವರಿ 2010

ಮೇಷ್ಟ್ರ ಟವಲಿನ ಮಾತು ಚೆನ್ನಾಗಿದೆ. ಆದರೆ ಇಷ್ಟು ಜಾಣತನವನ್ನು ಕಂಪನಿಗೆ ಅಂಟಿಸುವ ಅಗತ್ಯವೂ ಇಲ್ಲ. ಒಬ್ಬ ವಿಶ್ಲೇಷಕ ಮ್ಯಾಕ್‌ಬುಕ್ಕಿನ ಬೆಲೆ ನೋಡಿ ಸಾವಿರ ಎಂದ, ಉಳಿದ ಇಪ್ಪತ್ತು ಜನ ಅವನನ್ನು ನೋಡಿ ಸಾವಿರ ಎಂದರು ಎಂದರೂ ಸಾಕು. ಇಪ್ಪತ್ತು ಬಾಯಿಗಳೆಂದರೆ ಇಪ್ಪತ್ತು ಮೂಲಗಳಲ್ಲ. ಪರದೆಯ ಸುದ್ದಿಗೆ ಆರ್ಡರ್ ಇದೆ, ಲಾರಿ ಇದೆ, ಗೋದಾಮು ಇದೆ. ಬೆಲೆಯ ಸುದ್ದಿಯ ಬೆನ್ನಿಗೆ ಇನ್ನೊಂದು ಸುದ್ದಿ ಮಾತ್ರ ಇದೆ.

ಭಾರತದ ಬೆಲೆಯಂತೂ ಇನ್ನೂ ದೂರದ ಮಾತು. 2008ರಲ್ಲಿ ಐಫೋನ್ 3ಜಿ ಅಮೆರಿಕದಲ್ಲಿ 199 ಡಾಲರು ಎಂದು ಕೇಳಿದವರು ಇಲ್ಲಿ ಒಂಬತ್ತು ಸಾವಿರಕ್ಕೆ ಸಿಗುತ್ತದೆಂದು ಕಾದರು. ಆಗಸ್ಟ್ 22ರಂದು ಬಂದಾಗ 31,000 ರೂಪಾಯಿ ಆಗಿತ್ತು. ಅಲ್ಲಿ ಎರಡು ವರ್ಷದ ಕರಾರಿನಲ್ಲಿ ಕಂಪನಿ ಮರೆಮಾಡಿದ ಹಣವನ್ನು ಇಲ್ಲಿ ಒಂದೇ ಸಲ ಎಣಿಸಬೇಕಾಯಿತು.

ಕುತೂಹಲಿ, ಮೈಸೂರು · 19 ಜನವರಿ 2010

ಆಹ್ವಾನ ಪತ್ರಿಕೆ ಹೊರಬಿದ್ದಿದೆ! ಜನವರಿ 27, ಯೆರ್ಬಾ ಬ್ಯುನಾ ಕಲಾಕೇಂದ್ರ, ಬೆಳಿಗ್ಗೆ 10 ಗಂಟೆ. ನಮಗೆ ರಾತ್ರಿ 11:30. ನಮ್ಮ ಹೊಸ ಸೃಷ್ಟಿಯನ್ನು ನೋಡಲು ಬನ್ನಿ ಎಂಬರ್ಥದ ಒಂದೇ ಸಾಲು, ಸುತ್ತ ಹೋಳಿಯಾಡಿದಂತೆ ಎರಚಿದ ಬಣ್ಣಗಳು. ಬಣ್ಣ ಎರಚಿದ್ದರಿಂದ ಚಿತ್ರ ಬರೆಯುವ ಕಡ್ಡಿ ಕೊಡುತ್ತಾರೆಂದು ಒಬ್ಬರು, ಯಂತ್ರವೇ ಬಣ್ಣಬಣ್ಣದ್ದು ಎಂದು ಇನ್ನೊಬ್ಬರು ಬರೆಯುತ್ತಿದ್ದಾರೆ. ಪೀಣ್ಯದವರೇ, ಆಹ್ವಾನ ಪತ್ರಿಕೆಗೆ ಎಷ್ಟು ಕೈ?

ಪೀಣ್ಯದವ, ಬೆಂಗಳೂರು · 19 ಜನವರಿ 2010

ಒಂದೇ ಕೈ, ಅದೂ ಆಹ್ವಾನ ಬರೆದ ಚಿತ್ರಕಾರನದು. ತಾರೀಕು, ಸ್ಥಳ ಇವಷ್ಟನ್ನು ಬರೆದುಕೊಳ್ಳಿ.

ಅಲೆಮಾರಿ ಕನ್ನಡತಿ, ಸನಿವೇಲ್ · 26 ಜನವರಿ 2010

ನಾನು ತಂತ್ರಾಂಶ ಪರೀಕ್ಷಿಸುವ ಕೆಲಸದಲ್ಲಿರುವುದರಿಂದ ನನ್ನ ಕಣ್ಣಿಗೆ ಬಿದ್ದ ಒಂದು ಸುದ್ದಿಯನ್ನು ಹಂಚಿಕೊಳ್ಳುತ್ತೇನೆ. ಐಫೋನಿನ ಅಪ್ಲಿಕೇಷನ್ನುಗಳನ್ನು ಯಾರು, ಎಲ್ಲಿ, ಎಷ್ಟು ಬಳಸುತ್ತಾರೆಂದು ಲೆಕ್ಕ ಇಡುವ ಫ್ಲರಿ ಎಂಬ ಕಂಪನಿಯಿದೆ. ಕೂಪರ್ಟಿನೊದ ಆವರಣದೊಳಗೆ, ಮಾರುಕಟ್ಟೆಯಲ್ಲಿಲ್ಲದ ಸುಮಾರು 50 ಯಂತ್ರಗಳು ಐಫೋನಿನ 3.2 ಆವೃತ್ತಿಯ ತಂತ್ರಾಂಶವನ್ನು ಓಡಿಸುತ್ತಿರುವುದು ಅವರ ಲೆಕ್ಕದಲ್ಲಿ ಸಿಕ್ಕಿಬಿದ್ದಿದೆ. ಆ 3.2 ಇನ್ನೂ ಯಾರಿಗೂ ಸಿಕ್ಕಿಲ್ಲ. ಅಂದರೆ ಒಳಗೆ ಓಡುವುದು ಮ್ಯಾಕಿನ ತಂತ್ರಾಂಶವಲ್ಲ, ಐಫೋನಿನದು. ಪೀಣ್ಯದವರೇ, ನಿಮ್ಮ ಲೆಕ್ಕಕ್ಕೆ ಇದನ್ನೂ ಸೇರಿಸಿಕೊಳ್ಳಿ: ತಂತ್ರಾಂಶ ಕೈ ದಾಟದಿದ್ದರೂ ತಂತಿ ದಾಟುತ್ತದೆ.

ನಿನ್ನೆ ಯೆರ್ಬಾ ಬ್ಯುನಾ ಮುಂದೆ ಹಾದುಹೋದೆ. ಕಟ್ಟಡದ ಗಾಜಿಗೆ ಅದೇ ಬಣ್ಣದ ಚಿತ್ತಾರ ಅಂಟಿಸುತ್ತಿದ್ದರು. ನಾಲ್ಕಾರು ಜನ ಕ್ಯಾಮೆರಾ ಹಿಡಿದು, ಅಂಟಿಸುವವರ ಚಿತ್ರ ತೆಗೆಯುತ್ತ ನಿಂತಿದ್ದರು.

ಪೀಣ್ಯದವ, ಬೆಂಗಳೂರು · 26 ಜನವರಿ 2010

ಒಪ್ಪಿದೆ ಮೇಡಂ. ನಾನು ಲೋಹ, ಪ್ಲಾಸ್ಟಿಕ್ಕುಗಳನ್ನಷ್ಟೇ ಯೋಚಿಸಿದ್ದೆ.

ಕುತೂಹಲಿ, ಮೈಸೂರು · 27 ಜನವರಿ 2010, ಬೆಳಿಗ್ಗೆ

ಮೆಕ್‌ಗ್ರಾ-ಹಿಲ್ ಪ್ರಕಾಶನದ ಮುಖ್ಯಸ್ಥ ಟೆರಿ ಮೆಕ್‌ಗ್ರಾ ಅವರು ಅಮೆರಿಕದ ಸಿಎನ್‌ಬಿಸಿ ವಾಹಿನಿಯಲ್ಲಿ ಕುಳಿತು, ನಾಳೆ ಘೋಷಣೆಯಾಗುತ್ತದೆ, ಯಂತ್ರವು ಐಫೋನಿನ ತಂತ್ರಾಂಶವನ್ನೇ ಆಧರಿಸಿದೆ ಎಂದು ಸಲೀಸಾಗಿ ಹೇಳಿಬಿಟ್ಟಿದ್ದಾರೆ. ಲಕ್ಷ ಡಾಲರಿನ ಬಹುಮಾನಕ್ಕೂ ಬಾರದ ಮಾತು ಪುಕ್ಕಟೆಯಾಗಿ ಬಂತು. ನನ್ನ ಮೊದಲ ಊಹೆಯೊಂದು ಕಾರ್ಯಕ್ರಮಕ್ಕೆ ಮುಂಚೆಯೇ ಬಿದ್ದುಹೋಯಿತು.

ಕೊನೆಯ ಬಾರಿಗೆ ಬೆಲೆಯ ಊಹೆಗಳನ್ನು ದಾಖಲಿಸುತ್ತೇನೆ. ನಾನು 999, ಮೇಷ್ಟ್ರು 699, ಕನ್ನಡತಿಯವರು ಖಾಸಗಿಯಾಗಿ ತಿಳಿಸಿದಂತೆ ಫೋನ್ ಕಂಪನಿಯ ಕರಾರಿನೊಂದಿಗೆ 599. ಪೀಣ್ಯದವರು ಹೇಳಲೊಲ್ಲರು. ಅಂಗಡಿಯವರೇ, ನೀವು?

ಪುಸ್ತಕದ ಅಂಗಡಿ, ಹುಬ್ಬಳ್ಳಿ · 27 ಜನವರಿ 2010

ಎಷ್ಟಾದರೂ ನನ್ನ ಗಿರಾಕಿಗಳು ಅದಕ್ಕೆ ಹತ್ತು ಪರ್ಸೆಂಟ್ ರಿಯಾಯಿತಿ ಕೇಳುತ್ತಾರೆ.

ಕುತೂಹಲಿ, ಮೈಸೂರು · 27 ಜನವರಿ 2010, ರಾತ್ರಿ 11:52

ಎರಡು ತಾಣಗಳು ತೆರೆಯುತ್ತಲೇ ಇಲ್ಲ, ಮೂರನೆಯದರಲ್ಲಿ ಸಾಲು ಸಾಲಾಗಿ ಓದುತ್ತಿದ್ದೇನೆ. ಹೆಸರು ಐಪ್ಯಾಡ್. ಜಾಬ್ಸ್ ವೇದಿಕೆಯ ಮೇಲೆ ಚರ್ಮದ ಸೋಫಾದಲ್ಲಿ ಕುಳಿತು ತೊಡೆಯ ಮೇಲಿಟ್ಟುಕೊಂಡು ತೋರಿಸುತ್ತಿದ್ದಾರೆ. ಪರದೆ 9.7 ಇಂಚು.

ಕುತೂಹಲಿ, ಮೈಸೂರು · 28 ಜನವರಿ 2010, ರಾತ್ರಿ 1:20

499! ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಮೊದಲು 999 ಎಂದು ದೊಡ್ಡದಾಗಿ ಹಾಕಿ, ಪಂಡಿತರು ಹೇಳಿದ್ದು ಇದೇ ಬೆಲೆ ಎಂದು ಅದನ್ನು ಸ್ವಲ್ಪ ಹೊತ್ತು ಹಾಗೆಯೇ ನಿಲ್ಲಿಸಿ, ಆಮೇಲೆ ಅದರ ಮೇಲೆ 499 ಬಂದು ಬೀಳುವಂತೆ ಮಾಡಿದರಂತೆ. ಮೇಷ್ಟ್ರೇ, ಟವಲು ಎತ್ತಿದರು!

ಅಲೆಮಾರಿ ಕನ್ನಡತಿ, ಸನಿವೇಲ್ · 28 ಜನವರಿ 2010

ವಿವರಗಳನ್ನು ಒಂದೆಡೆ ಬರೆಯುತ್ತೇನೆ. ತೂಕ ಸುಮಾರು 680 ಗ್ರಾಂ, ಬ್ಯಾಟರಿ ಹತ್ತು ಗಂಟೆ. 499 ಎಂಬುದು 16 ಜಿಬಿಯ ವೈಫೈ ಮಾದರಿಗೆ ಮಾತ್ರ. 3ಜಿ ಬೇಕಾದರೆ 130 ಡಾಲರು ಹೆಚ್ಚು, ಆದರೆ ಕರಾರಿನ ಕಟ್ಟುಪಾಡಿಲ್ಲ. ವೈಫೈ ಮಾದರಿ 60 ದಿನಗಳಲ್ಲಿ, 3ಜಿ ಮಾದರಿ 90 ದಿನಗಳಲ್ಲಿ. ಅಂದರೆ ಮಾರ್ಚ್ ಎಂಬ ಸುದ್ದಿ ಅಷ್ಟೇನೂ ತಪ್ಪಲಿಲ್ಲ. ಕ್ಯಾಮೆರಾ ಇಲ್ಲ. ಅಂತರ್ಜಾಲ ತಾಣಗಳಲ್ಲಿ ವೀಡಿಯೊ ಓಡಿಸುವ ಫ್ಲ್ಯಾಶ್ ತಂತ್ರಾಂಶ ಕೂಡ ಇಲ್ಲ. ಜಾಬ್ಸ್ ಅವರೇ ನ್ಯೂಯಾರ್ಕ್ ಟೈಮ್ಸ್ ತಾಣ ತೆರೆದಾಗ ವೀಡಿಯೊ ಇರಬೇಕಾದ ಜಾಗದಲ್ಲಿ ಖಾಲಿ ಚೌಕ ಕಾಣಿಸಿತು. ಹೆಸರಿನ ಬಗ್ಗೆ ನಮ್ಮ ಕಚೇರಿಯ ಹೆಂಗಸರು ಮಧ್ಯಾಹ್ನವಿಡೀ ನಕ್ಕರು, ಕಾರಣವನ್ನು ಇಲ್ಲಿ ಬಿಡಿಸಿ ಬರೆಯಲಾರೆ. ಆ ಕೋಣೆಯಲ್ಲಿ ಒಬ್ಬ ಹೆಂಗಸಾದರೂ ಇದ್ದಿದ್ದರೆ ಈ ಹೆಸರು ಇಡುತ್ತಿದ್ದರೇ ಎಂಬುದು ನಮ್ಮೆಲ್ಲರ ಅನುಮಾನ.

ಪೀಣ್ಯದವ, ಬೆಂಗಳೂರು · 28 ಜನವರಿ 2010

ಒಂದು ಮಾತು ಸೇರಿಸುತ್ತೇನೆ. ಕ್ಯಾಮೆರಾ ಖಂಡಿತ ಎಂದವರಲ್ಲಿ ಯಾರೂ ಕವಚದ ತುಂಡಿನಲ್ಲಿ ಅದರ ತೂತನ್ನು ತೋರಿಸಿರಲಿಲ್ಲ. ಇರಬೇಕಾದದ್ದು ಎಂಬ ಆಸೆಯೇ ಇದೆ ಎಂಬ ಸುದ್ದಿಯಾಗಿತ್ತು. ನಾನೂ ಅದನ್ನು ಅಂದೇ ಗಮನಿಸಬೇಕಿತ್ತು, ಗಮನಿಸಲಿಲ್ಲ.

ಪುಸ್ತಕದ ಅಂಗಡಿ, ಹುಬ್ಬಳ್ಳಿ · 29 ಜನವರಿ 2010

ಐಬುಕ್ಸ್ ಎಂಬ ಪುಸ್ತಕದಂಗಡಿ, ಮರದ ಕಪಾಟಿನ ಚಿತ್ರ, ಪುಟ ಮಗುಚಿದರೆ ಕಾಗದದಂತೆಯೇ ಸುರುಳಿಯಾಗುವ ಅಂಚು. ಚೆಂದವಾಗಿದೆ. ಐದು ಪ್ರಕಾಶಕರ ಹೆಸರು ತೋರಿಸಿದ್ದಾರೆ. ಹಿಂದಿನ ದಿನ ಟೀವಿಯಲ್ಲಿ ಬಾಯಿಬಿಟ್ಟ ಮೆಕ್‌ಗ್ರಾ ಅವರ ಕಂಪನಿ ಅದರಲ್ಲಿಲ್ಲ. ಅಂಗಡಿ ಸದ್ಯಕ್ಕೆ ಅಮೆರಿಕಕ್ಕೆ ಮಾತ್ರ.

ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ, ಬರುತ್ತದೆಂದು ನಿರೀಕ್ಷಿಸಿಯೂ ಇರಲಿಲ್ಲ. ಪುಸ್ತಕಗಳನ್ನು ಇಪಬ್ ಎಂಬ ಎಲ್ಲರಿಗೂ ಮುಕ್ತವಾದ ರೂಪದಲ್ಲಿ ಇಡುತ್ತಾರಂತೆ ಎಂದು ಓದಿ, ನಮ್ಮದೇ ಪ್ರಕಾಶನದ ಒಂದು ಕಥಾಸಂಕಲನವನ್ನು ಹಾಗೆ ಮಾಡಿ ನೋಡೋಣವೆಂದು ನಿನ್ನೆ ಡಿಟಿಪಿ ಹುಡುಗನನ್ನು ಕೂರಿಸಿಕೊಂಡೆ. ನಮ್ಮ ಕಡತಗಳೆಲ್ಲ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ, 'ನುಡಿ' ಎಂಬ ಕನ್ನಡ ಫಾಂಟಿನ ಅಕ್ಷರಗಳಲ್ಲಿವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಕಥೆಯ ಮೊದಲ ಸಾಲು, ತಲೆಯ ಮೇಲೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಮೆರವಣಿಗೆಯಾಗಿ ನಿಂತಿತು. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯೂನಿಕೋಡ್ ಅಕ್ಷರ ಸಂಕೇತಕ್ಕೆ ಪರಿವರ್ತಿಸಿದೆವು, ಅರ್ಕಾವತ್ತು ಇದ್ದ ಕಡೆಯಲ್ಲೆಲ್ಲ ಅಕ್ಷರಗಳು ಸ್ಥಳ ಬದಲಿಸಿದ್ದವು. ಅಂದರೆ ಆ ಯಂತ್ರ ನಾಳೆಯೇ ಕನ್ನಡ ಕಲಿತು ಬಂದರೂ ಅದಕ್ಕೆ ಓದಲು ಕೊಡುವ ಪುಸ್ತಕ ನನ್ನ ಹತ್ತಿರ ಇಲ್ಲ. ಕ್ಯಾಲಿಫೋರ್ನಿಯಾದವರನ್ನು ಕೇಳುವ ಪ್ರಶ್ನೆಯಲ್ಲಿ ಅರ್ಧ ನನ್ನ ಕಪಾಟಿನಲ್ಲಿಯೇ ಇತ್ತು. ಹುಡುಗನಿಗೆ ದಿನಕ್ಕೆ ಇಪ್ಪತ್ತು ಪುಟ ತಿದ್ದಲು ಹೇಳಿದ್ದೇನೆ.

ಕುತೂಹಲಿ, ಮೈಸೂರು · 29 ಜನವರಿ 2011

ಒಂದು ವರ್ಷದ ಹಿಂದಿನ ಈ ಚರ್ಚೆಯನ್ನು ಮತ್ತೆ ಮೇಲೆತ್ತುತ್ತಿದ್ದೇನೆ. ಐಪ್ಯಾಡ್ ನಿನ್ನೆ ಅಧಿಕೃತವಾಗಿ ಭಾರತಕ್ಕೆ ಬಂದಿದೆ. 16 ಜಿಬಿಯ ವೈಫೈ ಮಾದರಿಗೆ 27,900 ರೂಪಾಯಿ. ನಾನು 50,000 ಎಂದಿದ್ದೆ. ಭಾವನವರು ಯುಗಾದಿಗೂ ಕಾಯದೆ ಕಳೆದ ಫೆಬ್ರವರಿಯಲ್ಲಿಯೇ ಲ್ಯಾಪ್‌ಟಾಪ್ ಕೊಂಡರು ಎಂಬುದನ್ನೂ ದಾಖಲೆಗಾಗಿ ತಿಳಿಸುತ್ತೇನೆ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ · 29 ಜನವರಿ 2011

ದಿಬ್ಬಣ ಈ ಸಲ ಊರಿಗೆ ಬಂದಿತು, ಒಪ್ಪಿಕೊಳ್ಳುತ್ತೇನೆ. ಬೆಂಗಳೂರಿಗೆ ಹೋದಾಗ ಮೊಮ್ಮಗನ ಗೆಳೆಯನೊಬ್ಬನ ಮನೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಅವನು ವಿದೇಶದಿಂದ ತರಿಸಿದ್ದನಂತೆ. ಒಂದೇ ಕೈಯಲ್ಲಿ ಹಿಡಿದು ಐದು ನಿಮಿಷ ಓದುವಷ್ಟರಲ್ಲಿ ಮಣಿಕಟ್ಟು ಸೋತಿತು. 680 ಗ್ರಾಂ ಎಂದು ಓದಿದಾಗ ಅದು ನನ್ನ ಕೈಗೆ ತಿಳಿದಿರಲಿಲ್ಲ.

ಪೀಣ್ಯದವ, ಬೆಂಗಳೂರು · 30 ಜನವರಿ 2011

ನೀವು ಮೊದಲನೆಯದನ್ನು ಹಿಡಿದು ನೋಡುವಷ್ಟರಲ್ಲಿ ಎರಡನೆಯದರ ಸುದ್ದಿ ಶುರುವಾಗಿದೆ ಮೇಷ್ಟ್ರೇ. ಈ ತಿಂಗಳ ಲಾಸ್ ವೇಗಾಸ್ ಮೇಳದಲ್ಲಿ ಕವರು ತಯಾರಿಸುವವರು ಇನ್ನೂ ಇಲ್ಲದ ಐಪ್ಯಾಡಿಗೆ ಕವರು ತಂದಿಟ್ಟಿದ್ದರು. ಚಿತ್ರಗಳನ್ನು ಹಿಗ್ಗಿಸಿ ನೋಡಿದೆ. ಬೆನ್ನಿನ ಮೂಲೆಯಲ್ಲಿ ಕ್ಯಾಮೆರಾಕ್ಕೆ ತೂತು ಬಿಟ್ಟಿದ್ದಾರೆ, ಅಂಚು ಮೊದಲಿನದಕ್ಕಿಂತ ತೆಳ್ಳಗಿದೆ. ಇವೆರಡನ್ನೂ ನಾನು ನಂಬುತ್ತೇನೆ. ಬೆಲೆ ಮಾತ್ರ ಕೇಳಬೇಡಿ.